ಅವಧಿ ಮುಗಿದ ಕಲರ್‌ಪ್ಲಸ್ 200, ಡಿ-76ರಲ್ಲಿ: ನೆಗೆಟಿವ್ ಪೂರಾ ಚಾಕಲೇಟ್ ಬಣ್ಣ, ತಪ್ಪು ಎಲ್ಲಿ?

ಮಸೂರಪ್ರಿಯ:

ಎಲ್ಲರಿಗೂ ನಮಸ್ಕಾರ. ಕೊಡಕ್ ಕಲರ್‌ಪ್ಲಸ್ 200, 36 ಫ್ರೇಮಿನ ಹತ್ತು ರೋಲು ಇವೆ. ಡಬ್ಬಿ ಮೇಲಿನ ಅವಧಿ 2018ಕ್ಕೇ ಮುಗಿದಿದೆ, ಫ್ರಿಜ್‌ನಲ್ಲಿ ಇಟ್ಟವೂ ಅಲ್ಲ. ಇವಕ್ಕೋಸ್ಕರ ಕಲರ್ ಕಿಟ್ ತರಿಸುವ ಮನಸ್ಸಿಲ್ಲ. ಕಪ್ಪು-ಬಿಳುಪಿಗೆಂದು ಕಲಸಿಟ್ಟ ಡಿ-76 ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಮತ್ತು ಹೈಪೋ (ಉಳಿದ ಬೆಳ್ಳಿ ಲವಣ ಕರಗಿಸುವ ಫಿಕ್ಸರ್) ಮನೆಯಲ್ಲಿವೆ, ಅದರಲ್ಲೇ ಮಾಡೋಣ ಅಂತ.

ಒಂದು ರೋಲು ಮಾಡಿಯಾಗಿದೆ. ಡಿ-76 1+1 (ಒಂದು ಪಾಲಿಗೆ ಒಂದು ಪಾಲು ನೀರು), ನಲ್ಲಿ ನೀರು 26 ಡಿಗ್ರಿ, 11 ನಿಮಿಷ. ವಿನೆಗರ್ ನೀರು ಅರ್ಧ ನಿಮಿಷ. ಬರೀ ಹೈಪೋ 5 ನಿಮಿಷ. ಆಮೇಲೆ ನಲ್ಲಿ ಕೆಳಗೆ 10 ನಿಮಿಷ. ಚಿತ್ರವೇನೋ ಬಂದಿದೆ, ಆದರೆ ಅಂಚು ಸೇರಿ ಇಡೀ ಪಟ್ಟಿ ಗಾಢ ಚಾಕಲೇಟ್ ಬಣ್ಣ. ಟ್ಯೂಬ್‌ಲೈಟಿಗೆ ಹಿಡಿದರಷ್ಟೇ ಏನಾದರೂ ಕಾಣುವುದು. ಸ್ಕ್ಯಾನ್ ಮಾಡಿದರೆ ನೆರಳಿನ ಭಾಗದಲ್ಲೆಲ್ಲ ಮೆಣಸಿನ ಪುಡಿ ಉದುರಿಸಿದ ಹಾಗಿದೆ.

ಇದು ಫಿಕ್ಸ್ ಸಾಲದೆ ಆದದ್ದೋ, ಫಿಲ್ಮಿನ ಗುಣವೋ? ಉಳಿದ ಒಂಬತ್ತಕ್ಕೆ ಸಮಯ ಎಷ್ಟಿಡಬೇಕು? ಮುಂದೆ ಯಾವಾಗಲಾದರೂ ಇದೇ ನೆಗೆಟಿವ್‌ನಿಂದ ಬಣ್ಣ ತೆಗೆಯಲು ಬರುತ್ತದೆಯೇ? ಡಿ-76 ಬದಲು ಕಾಫಿ ಡೆವಲಪರ್ ಒಳ್ಳೆಯದು ಅಂತಲೂ ಒಬ್ಬರು ಹೇಳಿದರು.

ಕೆಂಪುದೀಪ:

ನಿಮ್ಮ ಪಟ್ಟಿಯಲ್ಲಿ ಕಪ್ಪಾಗಿರುವುದು ಒಂದೇ ಕಾರಣಕ್ಕಲ್ಲ. ನಾಲ್ಕು ಕಾರಣ ಒಂದರ ಮೇಲೊಂದು ಕೂತಿವೆ. ಎರಡನ್ನು ಯಾರೂ ಏನೂ ಮಾಡಲಾಗದು, ಇನ್ನೆರಡು ನಿಮ್ಮ ಕೈಯಲ್ಲೇ ಇವೆ. ಮೊದಲು ಯಾವುದು ಯಾವುದೆಂದು ಬಿಡಿಸಿಕೊಳ್ಳಿ.

ಕಿತ್ತಳೆ ಬಣ್ಣ ಫಿಲ್ಮಿನ ಒಳಗಿನ ಮಾಸ್ಕ್‌ನದು. ಹಸಿರು ಬೆಳಕಿಗೆ ಸ್ಪಂದಿಸುವ ಪದರದಲ್ಲಿ ಹಳದಿ ಛಾಯೆಯ ಕಪ್ಲರ್ (ಬಣ್ಣದ ಡೈ ಹುಟ್ಟಿಸುವ ರಾಸಾಯನಿಕ) ಇರುತ್ತದೆ, ಕೆಂಪಿಗೆ ಸ್ಪಂದಿಸುವ ಪದರದಲ್ಲಿ ಗುಲಾಬಿ ಛಾಯೆಯದು. ಕಲರ್ ಡೆವಲಪರ್‌ನಲ್ಲಿ ಡೈ ಹುಟ್ಟಿದ ಕಡೆ ಕಪ್ಲರಿನ ಆ ಸ್ವಂತ ಬಣ್ಣ ಅಳಿಯುತ್ತದೆ. ಡಿ-76ರಲ್ಲಿ ಡೈ ಹುಟ್ಟುವುದೇ ಇಲ್ಲ, ಹಾಗಾಗಿ ಮಾಸ್ಕ್ ಎಲ್ಲ ಕಡೆ ಪೂರ್ತಿ ಉಳಿಯುತ್ತದೆ. ಒಂದು ಸಮಾಧಾನವೆಂದರೆ ಅದು ಎಲ್ಲ ಕಡೆ ಒಂದೇ ಸಮ ಇರುತ್ತದೆ. ಚಿತ್ರದ ಮೇಲೆ ಕಿತ್ತಳೆ ಗಾಜು ಇಟ್ಟ ಹಾಗೆ, ಚಿತ್ರವನ್ನು ಕೆಡಿಸುವುದಿಲ್ಲ.

ಕಂದುಗಪ್ಪು ಬೇರೆಯದು. ನೀಲಿ ಪದರದ ಕೆಳಗಿನ ಹಳದಿ ಶೋಧಕ ಪದರದಲ್ಲೂ ತಳದ ಹ್ಯಾಲೇಷನ್ ತಡೆ ಪದರದಲ್ಲೂ (ಬೆಳಕು ಹಿಂದಿನಿಂದ ಮತ್ತೆ ಚಿಮ್ಮದಂತೆ ತಡೆಯುವಂಥದ್ದು) ಅತಿ ಸಣ್ಣ ಕಣದ ಬೆಳ್ಳಿ ಇರುತ್ತದೆ. ಅದು ಆಗಲೇ ಲೋಹ. ಹೈಪೋ ಕರಗಿಸುವುದು ಬೆಳ್ಳಿಯ ಲವಣವನ್ನು, ಲೋಹವನ್ನಲ್ಲ. ಕಲರ್ ಪ್ರಕ್ರಿಯೆಯಲ್ಲಿ ಫಿಕ್ಸರಿಗೆ ಮುಂಚೆ ಬೆಳ್ಳಿ ಲೋಹವನ್ನು ಮತ್ತೆ ಲವಣ ಮಾಡುವ ಬ್ಲೀಚ್ ಇರುವುದರಿಂದ ಈ ಬೆಳ್ಳಿಯೂ ಚಿತ್ರದ ಬೆಳ್ಳಿಯ ಜೊತೆಗೇ ಹೊರಟುಹೋಗುತ್ತದೆ. ನಮ್ಮಲ್ಲಿ ಬ್ಲೀಚ್ ಮಾಡಿದರೆ ಚಿತ್ರವೇ ಹೋಗುತ್ತದೆ, ಆದ್ದರಿಂದ ಇದನ್ನೂ ಸಹಿಸಿಕೊಳ್ಳಬೇಕು.

ಇನ್ನು ನಿಮ್ಮ ಕೈಯಲ್ಲಿರುವುದು: ಸಾಲದ ಫಿಕ್ಸ್, ಮತ್ತು ಹಳೆ ಫಿಲ್ಮಿನ ಜೊತೆ ಅತಿ ಡೆವಲಪ್ ಸೇರಿ ಹುಟ್ಟಿದ ಫಾಗ್ (ಬೆಳಕು ಬೀಳದ ಕಡೆಯೂ ಹರಡುವ ಕಪ್ಪು). ಇವನ್ನು ಪತ್ತೆ ಮಾಡಲು ಮುಂದಿನ ರೋಲಿನ ನಾಲಿಗೆಯಿಂದ, ಅಂದರೆ ಕ್ಯಾಸೆಟ್ಟಿನಿಂದ ಹೊರಗಿರುವ ತುದಿಯಿಂದ, ಎರಡು ಬೆರಳಗಲ ಕತ್ತರಿಸಿ. ಡೆವಲಪರ್ ಸೋಕಿಸಬೇಡಿ. ಮನೆ ಬೆಳಕಿನಲ್ಲೇ ಹೊಸ ಹೈಪೋಗೆ ಹಾಕಿ ಗಡಿಯಾರ ನೋಡಿ. ಮೊದಲು ಹಾಲು ಕಲಸಿದಂತೆ ಮಬ್ಬಾಗಿರುತ್ತದೆ. ಮಬ್ಬು ಪೂರ್ತಿ ಹೋದ ಕ್ಷಣ ಗುರುತಿಸಿಕೊಳ್ಳಿ, ಅದರ ಮೂರು ಪಟ್ಟು ನಿಮ್ಮ ಫಿಕ್ಸ್ ಸಮಯ. ಕಲರ್ ಫಿಲ್ಮಿನಲ್ಲಿ ಪದರ ಹೆಚ್ಚು, ಅಯೊಡೈಡೂ ಇರುತ್ತದೆ, ಬರೀ ಹೈಪೋದಲ್ಲಿ 5 ನಿಮಿಷ ಸಾಲುವುದಿಲ್ಲ. 12ರಿಂದ 15 ನಿಮಿಷ ಇಟ್ಟುಕೊಳ್ಳಿ.

ಆ ತುಂಡನ್ನು ಎಸೆಯಬೇಡಿ, ತೊಳೆದು ಒಣಗಿಸಿ. ನಿಮ್ಮ ಫಿಲ್ಮು ಹುಟ್ಟಿನಿಂದ ಎಷ್ಟು ಕಪ್ಪು ಎನ್ನುವುದಕ್ಕೆ ಅದೇ ಅಳತೆಗೋಲು. ಡೆವಲಪ್ ಆದ ಪಟ್ಟಿಯ ಖಾಲಿ ಅಂಚಿನ ಪಕ್ಕ ಇಟ್ಟು ದಿನಪತ್ರಿಕೆಯ ಮೇಲೆ ನೋಡಿ. ಅಂಚು ಹೆಚ್ಚು ಕಪ್ಪಿದ್ದರೆ ಆ ವ್ಯತ್ಯಾಸವಷ್ಟೇ ಫಾಗ್. ಅಕ್ಷರ ಚೂಪಾಗಿ ಕಾಣದೆ ಮಂಜು ಮುಸುಕಿದಂತಿದ್ದರೆ ಫಿಕ್ಸ್ ಸಾಲದು. ಹಾಗಿದ್ದರೆ ಹೊಸ ಹೈಪೋಗೆ ಈಗಲೂ ಹಾಕಬಹುದು, ತಡವಾಗಿಲ್ಲ.

ಹೈಪೋ ಕಲಸುವಾಗ ಒಂದು ಮಾತು. ಲೀಟರಿಗೆ 250 ಗ್ರಾಂ ಹರಳು ಹಾಕುತ್ತಿದ್ದಂತೆ ಪಾತ್ರೆ ಹೊರಗೆ ಬೆವರುವಷ್ಟು ತಣ್ಣಗಾಗುತ್ತದೆ, ಕರಗುವಾಗ ಅದು ಶಾಖ ಹೀರುತ್ತದೆ. ತಣ್ಣೀರಿನಲ್ಲಿ ಶುರು ಮಾಡಿದರೆ ಅರ್ಧ ಹರಳು ತಳದಲ್ಲೇ ಉಳಿದು ದ್ರಾವಣ ತೆಳುವಾಗಿರುತ್ತದೆ. ಕೈ ತಾಳುವಷ್ಟು ಬಿಸಿನೀರಿನಿಂದ ಆರಂಭಿಸಿ.

ಬೆಳ್ಳಿಉಪ್ಪು:

ಫಿಕ್ಸ್ ವಿಚಾರ ಮೇಲೆ ಬಂದಾಯಿತು, ನಾನು ಡೆವಲಪರ್ ಹೇಳುತ್ತೇನೆ. 26 ಡಿಗ್ರಿಯಲ್ಲಿ 11 ನಿಮಿಷ ವಿಪರೀತವಾಯಿತು. ಒಂದು ಡಿಗ್ರಿ ಏರಿದರೆ ಸಮಯ ಸುಮಾರು ನೂರಕ್ಕೆ ಎಂಟು-ಹತ್ತರಷ್ಟು ಇಳಿಯಬೇಕು. ಆ ಲೆಕ್ಕದಲ್ಲಿ ನೀವು ಮಾಡಿದ್ದು 20 ಡಿಗ್ರಿಯಲ್ಲಿ 18 ನಿಮಿಷ ಮಾಡಿದ್ದಕ್ಕೆ ಸಮ. ಏಳೆಂಟು ವರ್ಷ ಬೀರುವಿನಲ್ಲಿ ಬೆಂದ ಫಿಲ್ಮಿಗೆ ಅಷ್ಟು ಹೊತ್ತು ಕೊಟ್ಟರೆ ಬೆಳಕು ಬೀಳದ ಕಣವೂ ಕಪ್ಪಾಗುತ್ತದೆ.

ಡಿ-76 1+1ಕ್ಕೆ ಮೊದಲ ಅಂದಾಜು: 20 ಡಿಗ್ರಿಗೆ ಹನ್ನೆರಡೂವರೆ ನಿಮಿಷ, 24ಕ್ಕೆ 9, 26ಕ್ಕೆ ಏಳೂವರೆ. ದುರ್ಬಲ ಮಾಡದ ಡಿ-76 ಆದರೆ 20ಕ್ಕೆ 9, 24ಕ್ಕೆ ಆರೂಕಾಲು. 26 ಡಿಗ್ರಿಯಲ್ಲಿ ಅದು ಐದೂವರೆಗೆ ಇಳಿಯುತ್ತದೆ. 5 ನಿಮಿಷಕ್ಕಿಂತ ಕೆಳಗೆ ಹೋದರೆ ಆಕಾಶದಲ್ಲಿ ಪಟ್ಟೆ ಬರುವ ಅಪಾಯ, ಅದಕ್ಕೇ ಬೇಸಿಗೆಯಲ್ಲಿ 1+1 ವಾಸಿ. ಎಚ್‌ಸಿ-110 ಎಂಬ ಡೆವಲಪರ್ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ, ಹಳೆ ಫಿಲ್ಮಿನ ಫಾಗ್ ಅದರಲ್ಲಿ ಕಡಿಮೆ. 1+31, 20 ಡಿಗ್ರಿಗೆ 7 ನಿಮಿಷದಿಂದ ಶುರು ಮಾಡಿ.

ನೀರನ್ನು ಐಸ್ ಹಾಕಿ 20ಕ್ಕೆ ಇಳಿಸುವ ಸರ್ಕಸ್ ಈ ಫಿಲ್ಮಿಗೆ ಬೇಡವೇ ಬೇಡ. ಸಿ-41 (ಮಾಮೂಲಿ ಕಲರ್ ನೆಗೆಟಿವ್ ಪ್ರಕ್ರಿಯೆ) ಫಿಲ್ಮಿನ ಜೆಲಟಿನ್ ಅನ್ನು 37.8 ಡಿಗ್ರಿ ತಾಳಲೆಂದೇ ಗಟ್ಟಿ ಮಾಡಿರುತ್ತಾರೆ. ಮಂಗಳೂರಿನ ಮೇ ತಿಂಗಳ ಟ್ಯಾಂಕ್ ನೀರಿಗೆ ಅದು ಹೆದರುವುದಿಲ್ಲ. ಡೆವಲಪರ್ 28 ಇದ್ದರೆ ಹೈಪೋ, ತೊಳೆಯುವ ನೀರು ಎಲ್ಲವೂ ಅದರ ಆಸುಪಾಸಿನಲ್ಲಿರಲಿ, ಅಷ್ಟೇ.

ಫಾಗ್ ತಡೆಯಲು ಪೊಟ್ಯಾಸಿಯಂ ಬ್ರೋಮೈಡ್ ಬಳಸಿ. ಡಿ-76ರ ಮೂಲ ಸೂತ್ರದಲ್ಲಿ ಅದು ಇಲ್ಲ. 10 ಗ್ರಾಂ ಅನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. ಅದರಲ್ಲಿ 3 ಮಿ.ಲೀ. ತೆಗೆದು 300 ಮಿ.ಲೀ. ಡೆವಲಪರಿಗೆ ಹಾಕಿದರೆ ಲೀಟರಿಗೆ 1 ಗ್ರಾಂ ಲೆಕ್ಕ. ಪಾಟರ್‌ಸನ್ ಟ್ಯಾಂಕಿಗೆ 35 ಎಂಎಂ ಒಂದು ರೋಲಿಗೆ 290 ಮಿ.ಲೀ. ಬೇಕು, ಹಾಗಾಗಿ 300 ಲೆಕ್ಕ ಸುಲಭ. ಬೆಂಜೋಟ್ರಯಜೋಲ್ ಇದಕ್ಕಿಂತ ಚುರುಕು. ಶೇ. 1ರ ದ್ರಾವಣ ಮಾಡಿ (ಬಿಸಿನೀರಿನಲ್ಲಿ ಸುಲಭವಾಗಿ ಕರಗುತ್ತದೆ) ಅದೇ 3 ಮಿ.ಲೀ. ಹಾಕಿ. ಎರಡೂ ಒಟ್ಟಿಗೆ ಬೇಡ. ಯಾವುದೇ ಹಾಕಿದರೂ ಫಿಲ್ಮಿನ ವೇಗ (ಬೆಳಕಿಗೆ ಸ್ಪಂದಿಸುವ ಶಕ್ತಿ, ಡಬ್ಬಿಯ 200 ಅದೇ) ತುಸು ಬೀಳುತ್ತದೆ, ಅದನ್ನು ಕ್ಯಾಮೆರಾದಲ್ಲಿ ತುಂಬಿಸಬೇಕು. ಡಬ್ಬಿ ಮೇಲೆ 200 ಇದ್ದರೂ ಮೀಟರಿನಲ್ಲಿ 100 ಇಡಿ, ನಿಮ್ಮಂಥ ಹಳೆ ರೋಲಿಗೆ 50. ಬೇಸೇ, ಅಂದರೆ ಚಿತ್ರವಿಲ್ಲದ ಖಾಲಿ ಫಿಲ್ಮೇ, ಇಷ್ಟು ಕಪ್ಪಿರುವಾಗ ತೆಳು ನೆರಳು ಅದರಲ್ಲಿ ಮುಳುಗಿಹೋಗುತ್ತದೆ. ನೆರಳಿಗೆ ಬೆಳಕು ಬಿದ್ದರಷ್ಟೇ ಅದು ಮೇಲೆ ತಲೆ ಎತ್ತುವುದು.

ಇಡೀ ರೋಲು ಪಣಕ್ಕಿಡಬೇಡಿ. ಮೊದಲ ಆರು ಫ್ರೇಮಿನಲ್ಲಿ ಒಂದೇ ದೃಶ್ಯವನ್ನು 200, 100, 50 ಎಂದು ಎರಡು ಸುತ್ತು ತೆಗೆಯಿರಿ. ಒಂದು ಫ್ರೇಮು ಅಂತರ ಸೇರಿ 38 ಮಿ.ಮೀ., ಆರಕ್ಕೆ 23 ಸೆಂ.ಮೀ. ನಾಲಿಗೆಯ ಭಾಗವೂ ಸೇರಿಸಿ ಕತ್ತಲಲ್ಲಿ ಅಷ್ಟನ್ನೇ ಕತ್ತರಿಸಿ ಡೆವಲಪ್ ಮಾಡಿ. ಕತ್ತಲೆಂದರೆ ಪೂರ್ತಿ ಕತ್ತಲು. ಪೇಪರ್ ಪ್ರಿಂಟ್ ಮಾಡಿ ಅಭ್ಯಾಸವಿದ್ದವರು ಕೆಂಪು ದೀಪ ಹಚ್ಚಿಬಿಡುತ್ತಾರೆ. ಕಲರ್ ಫಿಲ್ಮಿಗೆ ಕೆಂಪೂ ಕಾಣುತ್ತದೆ.

(ಕೆಂಪುದೀಪ ಅವರೇ, ಹೆಸರಿಗೆ ಹೇಳಿದ್ದಲ್ಲ!)

ಗುಡ್ಡದಗಾಳಿ:

ಮಸೂರಪ್ರಿಯ ಅವರ ಕಾಫಿ ಪ್ರಶ್ನೆಗೆ. ಕಾಫಿ ಕೆಟ್ಟದ್ದು ಅನ್ನಂಗಿಲ್ರಿ, ಆದ್ರ ಈ ಫಿಲ್ಮಿಗೆ ಬ್ಯಾಡ. ಕಾಫಿ ತಾನೂ ಒಂದ್ ಕಂದು ಕಲೆ ಬೇಸಿಗೆ ಹಚ್ಚತದ. ಮೊದ್ಲ ಕಿತ್ತಳೆ, ಅದರ ಮ್ಯಾಲ ಚಾಕಲೇಟ್, ಅದರ ಮ್ಯಾಲ ಕಾಫಿ. ಏನ್ ಕಾಣಬೇಕು ಹೇಳ್ರಿ?

ಮಾಡಾಕ ಬೇಕಂದ್ರ ಅಳತಿ ಇದು. 1 ಲೀಟರ್ ನೀರಿಗೆ ವಾಷಿಂಗ್ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಇನ್‌ಸ್ಟಂಟ್ ಕಾಫಿ 40 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 1 ಗ್ರಾಂ, 20 ಡಿಗ್ರಿಗೆ 15 ನಿಮಿಷ. ಎಲ್ಲಾರೂ ಎಡವೋದು ಸೋಡಾದಾಗ. 54 ಗ್ರಾಂ ಅಂದ್ರ ನೀರಿನಂಶ ಇಲ್ಲದ ಒಣ ಪುಡಿ. ಅಂಗಡ್ಯಾಗ ಸಿಗೋ ಗಾಜಿನಂಥ ಹರಳಿನ ಸೋಡಾದಾಗ ಅರ್ಧಕ್ಕಿಂತ ಹೆಚ್ಚು ನೀರ ಇರತದ, ಅದಾದ್ರ 145 ಗ್ರಾಂ ಬೇಕು. ಇಲ್ಲಂದ್ರ ಕ್ಷಾರ ಸಾಲದ ಚಿತ್ರ ತೆಳ್ಳಗ ಬರತದ, ಜನ ಕಾಫಿಗೆ ಬಯ್ತಾರ. ಕಾಫಿ ಡಬ್ಬಿ ಮ್ಯಾಲ ಚಿಕೋರಿ ಅಂತ ಬರದಿದ್ರ ಅದನ್ನ ಕುಡೀರಿ, ಡೆವಲಪರಿಗೆ ಬ್ಯಾಡ.

ಇನ್ನೊಂದು, ನೀರು. ನಮ್ಮ ಕಡೆ ಬೋರ್ ನೀರಾಗ ಸುಣ್ಣ ಭಾಳ. ಡೆವಲಪರ್ ಕಲಸಾಕ ಮತ್ತ ಕಡೀ ಸಲ ಅದ್ದಾಕ ಆರ್‌ಒ ನೀರು ಬಳಸ್ರಿ, ನಡುವಿನ ತೊಳಿಯೋದಕ್ಕ ಬೋರ್ ನೀರು ನಡೀತದ. ಕಪ್ಪು ಬೇಸಿನ ಮ್ಯಾಲ ಸುಣ್ಣದ ಕಲೆ ಬರಿಗಣ್ಣಿಗೆ ಕಾಣಂಗಿಲ್ಲ, ಸ್ಕ್ಯಾನ್‌ನಾಗ ನಕ್ಷತ್ರದಂಗ ಕಾಣತದ.

ಪಿಕ್ಸೆಲ್‌ಪುರಾಣ:

ಸ್ಕ್ಯಾನ್ ಬಗ್ಗೆ ಯಾರೂ ಮುಟ್ಟಲಿಲ್ಲ, ಆ ಮೆಣಸಿನ ಪುಡಿಯಲ್ಲಿ ಅರ್ಧ ಅಲ್ಲಿಂದಲೇ ಬಂದಿರುವುದು.

ಸ್ಕ್ಯಾನರನ್ನು ಕಪ್ಪು-ಬಿಳುಪು ನೆಗೆಟಿವ್ ಅಂತ ಹಾಕಬೇಡಿ. ಬಣ್ಣದಲ್ಲಿ, 48 ಬಿಟ್, ಪಾಸಿಟಿವ್ ಅಂತ ಹಾಕಿ ಟಿಫ್ ಆಗಿ ಉಳಿಸಿ. ತೆರೆದ ಮೇಲೆ ಮೂರು ಚಾನೆಲ್ ಬೇರೆ ಬೇರೆ ನೋಡಿ. ನೀಲಿಯಲ್ಲಿ ಬರೀ ಗದ್ದಲ, ಕಿತ್ತಳೆ ಮಾಸ್ಕ್ ನೀಲಿಯನ್ನು ನುಂಗಿಬಿಟ್ಟಿರುತ್ತದೆ. ಹಸಿರಿನಲ್ಲಿ ಅರೆಬರೆ. ಕೆಂಪಿಗೆ ಮಾತ್ರ ಮಾಸ್ಕ್ ಹೆಚ್ಚುಕಡಿಮೆ ಇಲ್ಲದ ಹಾಗೆ. ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡು ಉಳಿದೆರಡನ್ನು ಬಿಸಾಕಿ, ಆಮೇಲೆ ಉಲ್ಟಾ ಮಾಡಿ. ನಿಮ್ಮ ಬೆಳ್ಳಿಯ ಚಿತ್ರ ಮೂರರಲ್ಲೂ ಒಂದೇ, ಆದ್ದರಿಂದ ಏನೂ ಕಳೆದುಕೊಳ್ಳುವುದಿಲ್ಲ.

ಕ್ಯಾಮೆರಾದಲ್ಲಿ ತೆಗೆಯುವುದಾದರೆ ಇನ್ನೂ ಒಳ್ಳೆಯದು. ಟ್ರೈಪಾಡ್ ಹೇಗೂ ಇರುತ್ತದೆ, ಶಟರ್ ಎಷ್ಟು ನಿಧಾನವಾದರೂ ತೊಂದರೆಯಿಲ್ಲ. ರಾ ಫೈಲಿನಲ್ಲಿ ಕೆಂಪಿನ ಹಿಸ್ಟೋಗ್ರಾಂ ಬಲತುದಿಗೆ ತಾಗುವ ಮುಂಚೆ ನಿಲ್ಲುವಂತೆ ಎಕ್ಸ್‌ಪೋಷರ್ ಏರಿಸಿ. ಮಾಮೂಲಿ ನೆಗೆಟಿವ್‌ಗಿಂತ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಹೆಚ್ಚೇ ಬೇಕಾಗುತ್ತದೆ.

ಸ್ಕ್ಯಾನರಿನಲ್ಲಿ ಧೂಳು ತೆಗೆಯುವ ‘ಐಸ್’ ಎಂಬ ಸೌಲಭ್ಯ ಆಫ್ ಇರಲಿ. ಅದು ಅವಗೆಂಪು ಕಿರಣದ ಮೇಲೆ ನಡೆಯುವಂಥದ್ದು. ಡೈ ಮೂಲಕ ಆ ಕಿರಣ ಹಾದುಹೋಗುತ್ತದೆ, ಬೆಳ್ಳಿ ಅಡ್ಡಗಟ್ಟುತ್ತದೆ. ಡಬ್ಬಿಯಲ್ಲಿ ಕಲರ್ ಫಿಲ್ಮ್ ಎಂದಿದೆಯಲ್ಲ ಅಂತ ಆನ್ ಮಾಡಿದರೆ ಚಿತ್ರವನ್ನೇ ಧೂಳೆಂದು ತಿಳಿದು ಒರೆಸಿ ಗೊಜ್ಜು ಮಾಡುತ್ತದೆ.

ಎನ್‌ಲಾರ್ಜರ್ ಇದ್ದವರಿಗೆ: ಮಲ್ಟಿಗ್ರೇಡ್ (ಫಿಲ್ಟರ್ ಬದಲಿಸಿ ಕಾಂಟ್ರಾಸ್ಟ್ ಏರಿಳಿಸುವ) ಪೇಪರಿಗೆ ಗಾಢ ಕಾಂಟ್ರಾಸ್ಟ್ ಕೊಡುವುದು ನೀಲಿ ಬೆಳಕು, ಮಾಸ್ಕ್ ತಡೆಯುವುದೂ ಅದನ್ನೇ. ಪ್ರಿಂಟ್ ಸಪ್ಪೆ ಬರುತ್ತದೆ, 5ನೇ ಫಿಲ್ಟರ್ ಹಾಕಿದರೆ ಎಕ್ಸ್‌ಪೋಷರ್ ನಿಮಿಷಗಟ್ಟಲೆ ಓಡುತ್ತದೆ. ನನ್ನ ಕೇಳಿದರೆ ಈ ನೆಗೆಟಿವ್ ಸ್ಕ್ಯಾನಿಗಷ್ಟೇ.

ಕತ್ತಲೆಕೋಣೆ_ಹಾಸನ:

ಬಣ್ಣದ ಪ್ರಶ್ನೆ ಉಳಿದಿದೆ. ಬರುತ್ತದೆ, ಆದರೆ ಸರಿಯಾದ ಬಣ್ಣ ಬರುವುದಿಲ್ಲ. ಕಪ್ಲರುಗಳು ಬಳಕೆಯಾಗದೆ ಪದರದಲ್ಲೇ ಕೂತಿವೆ. ಚಿತ್ರದ ಬೆಳ್ಳಿಯನ್ನು ಮತ್ತೆ ಲವಣ ಮಾಡಿ ಕಲರ್ ಡೆವಲಪರಿಗೆ ಕೊಟ್ಟರೆ ಡೈ ಹುಟ್ಟುತ್ತದೆ. ಲೀಟರಿಗೆ ಪೊಟ್ಯಾಸಿಯಂ ಫೆರಿಸಯನೈಡ್ 30 ಗ್ರಾಂ, ಪೊಟ್ಯಾಸಿಯಂ ಬ್ರೋಮೈಡ್ 15 ಗ್ರಾಂ. ಕಪ್ಪು ಚಿತ್ರ ಮಾಸಿ ತಿಳಿಯಾಗುವವರೆಗೆ ಅದ್ದಿ, ಚೆನ್ನಾಗಿ ತೊಳೆದು, ಮನೆ ಬೆಳಕಿಗೆ ಎರಡು ನಿಮಿಷ ಹಿಡಿದು, ಆಮೇಲೆ ಮಾಮೂಲಿ ಸಿ-41: ಡೆವಲಪರ್ 37.8 ಡಿಗ್ರಿಗೆ 3 ನಿಮಿಷ 15 ಸೆಕೆಂಡ್, ಬ್ಲೀಚ್, ಫಿಕ್ಸ್. ಕೆಂಪುದೀಪ ಹೇಳಿದ ಆ ಶೋಧಕ ಪದರದ ಬೆಳ್ಳಿಯೂ ಈ ಬ್ಲೀಚಿನಲ್ಲಿ ಹೋಗುವುದರಿಂದ ಬೇಸು ಚಾಕಲೇಟಿನಿಂದ ಕಿತ್ತಳೆಗೆ ತಿರುಗುತ್ತದೆ. ಆದರೆ ಮೂರು ಪದರದ ಕಾಂಟ್ರಾಸ್ಟ್ ಒಂದಕ್ಕೊಂದು ಹೊಂದಿರುವುದಿಲ್ಲ. ಬಣ್ಣ ಬೇಕೆನ್ನುವ ರೋಲನ್ನು ಮೊದಲೇ ಕಲರಿಗೆ ಕೊಡುವುದು ಲೇಸು.

ಇದರಲ್ಲಿ ಕೈಸುಡುವ ಜಾಗ ಒಂದಿದೆ. ಫಿಲ್ಮಿನಲ್ಲಿ ಹೈಪೋ ಅಂಶ ಉಳಿದಿದ್ದರೆ ಫೆರಿಸಯನೈಡ್ ಜೊತೆ ಸೇರಿ ಬೆಳ್ಳಿಯನ್ನು ಲವಣ ಮಾಡುವ ಬದಲು ಕರಗಿಸಿ ಒಯ್ದುಬಿಡುತ್ತದೆ. ಬ್ಲೀಚಿಗೆ ಮುಂಚೆ ಅರ್ಧ ಗಂಟೆ ಹರಿಯುವ ನೀರು ಕಡ್ಡಾಯ. ಫೆರಿಸಯನೈಡಿಗೆ ಗಟ್ಟಿ ಆಮ್ಲ ಯಾವುದನ್ನೂ ಸೇರಿಸಬಾರದು, ವಿಷಾನಿಲ ಬರುತ್ತದೆ.

ಇದೇ ಅವಗುಣವನ್ನು ಬೇಕೆಂದೇ ಬಳಸಿ ನಿಮ್ಮ ಮೊದಲ ರೋಲು ಉಳಿಸಬಹುದು. ಹೈಪೋ ದ್ರಾವಣ 60 ಮಿ.ಲೀ., ಶೇ. 10ರ ಫೆರಿಸಯನೈಡ್ 10 ಮಿ.ಲೀ., ನೀರು ಸೇರಿಸಿ ಒಟ್ಟು 500. ಕಲಸಿದ ಕೂಡಲೇ ಬಳಸಿ, ಹತ್ತು-ಹದಿನೈದು ನಿಮಿಷದಲ್ಲಿ ಸತ್ತುಹೋಗುತ್ತದೆ. ಬಿಳಿ ಟ್ರೇಯಲ್ಲಿ ಅರ್ಧ ನಿಮಿಷ ಅದ್ದಿ, ನೀರಿಗೆ ಹಾಕಿ ನೋಡಿ, ಮತ್ತೆ ಅದ್ದಿ. ಅದು ಎಲ್ಲ ಕಡೆ ಸಮವಾಗಿ ತಿನ್ನುತ್ತದೆ. ಅಂದರೆ ಫಾಗಿನ ಜೊತೆಗೆ ತೆಳು ನೆರಳೂ ಹೋಗುತ್ತದೆ. ಬೇಡದ ಒಂದು ಫ್ರೇಮ್ ಕತ್ತರಿಸಿ ಅದರ ಮೇಲೆ ಮೊದಲು ಪರೀಕ್ಷೆ ಮಾಡಿ.

ಮಾಸ್ಕ್ ತೆಗೆಯಲು ಬಟ್ಟೆಯ ಬ್ಲೀಚ್ ಹಾಕಿ ಎನ್ನುವ ಸಲಹೆ ಅಲ್ಲಲ್ಲಿ ಓಡಾಡುತ್ತಿರುತ್ತದೆ. ಅದು ಜೆಲಟಿನ್ನನ್ನೇ ತಿನ್ನುತ್ತದೆ. ಚಿತ್ರ ಸಿಪ್ಪೆ ಎದ್ದು ಟ್ರೇಯಲ್ಲಿ ತೇಲುವುದನ್ನು ನೋಡಬೇಕಿದ್ದರೆ ಹಾಕಿ.

ಗುಡ್ಡದಗಾಳಿ:

ಹತ್ತು ರೋಲಿನಾಗ ಬ್ಯಾರೆ ಹಳೇವು ಏನಾರ ಇದ್ರ ಡಬ್ಬಿ ಓದ್ರಿ. ಸಿ-22 ಅಂತ ಇದ್ರ ಅದು 1972ರಾಗ ಸಿ-41 ಬರೋಕಿಂತ ಮುಂಚಿನ ಪದ್ಧತಿ, ಅದರ ಜೆಲಟಿನ್ ಬಿಸಿ ತಡಿಯಂಗಿಲ್ಲ, ಅದಕ್ಕ ಮಾತ್ರ 20 ಡಿಗ್ರಿ ಬೇಕೇ ಬೇಕು. ಕೊಡಕ್ರೋಮ್ ಇದ್ರ ಅದರ ಸ್ವಂತ ಪ್ರಕ್ರಿಯೆ 2010ರ ಕೊನೀಗೆ ಮುಗೀತು, ಈಗ ಕಪ್ಪು-ಬಿಳುಪೇ ಗತಿ. ಅದರ ಬೆನ್ನಿಗೂ ಹಳೆ ಸಿನಿಮಾ ಫಿಲ್ಮಿನ ಬೆನ್ನಿಗೂ ಕಾಡಿಗಿಯಂಥ ರೆಮ್‌ಜೆಟ್ ಪದರ ಇರತದ. ಬೋರಾಕ್ಸ್ ನೀರಾಗ ಒಂದೆರಡು ನಿಮಿಷ ನೆನಸಿ, ತೊಳಿಯೋ ಮುಂದ ಸ್ಪಂಜಿನಿಂದ ಬೆನ್ನು ಒರಸಬೇಕು. ಎಮಲ್ಷನ್ ಕಡೆ, ಅಂದ್ರ ಚಿತ್ರ ಇರೋ ಕಡೆ, ತಾಗಿದ್ರ ಆ ಕಪ್ಪು ಚುಕ್ಕಿ ಹೋಗಂಗಿಲ್ಲ.

ಮಸೂರಪ್ರಿಯ:

ಎಲ್ಲರಿಗೂ ಧನ್ಯವಾದ. ನಾಲಿಗೆ ತುಂಡು ಹೊಸ ಹೈಪೋದಲ್ಲಿ ತಿಳಿಯಾಗಲು ನಾಲ್ಕೂವರೆ ನಿಮಿಷ ಬೇಕಾಯಿತು. ಅಂದರೆ ನಾನು ಕೊಟ್ಟ 5 ನಿಮಿಷ ಅದಕ್ಕೇ ಮುಗಿದಿತ್ತು. ಹಳೆ ಪಟ್ಟಿಯನ್ನು ಮತ್ತೆ 15 ನಿಮಿಷ ಹೈಪೋಗೆ ಹಾಕಿದೆ, ಮಬ್ಬು ಹೋಯಿತು. ಆದರೂ ಅಂಚು ತುಂಡಿಗಿಂತ ಕಪ್ಪಗಿದೆ.

ಎರಡನೇ ರೋಲಿನ ಆರು ಫ್ರೇಮ್: 1+1, 26 ಡಿಗ್ರಿ, ಏಳೂವರೆ ನಿಮಿಷ, ಬ್ರೋಮೈಡ್ 3 ಮಿ.ಲೀ. ಅಂಚು ಈಗ ತುಂಡಿಗಿಂತ ಒಂದು ಕೂದಲೆಳೆ ಕಪ್ಪು, ಅಷ್ಟೇ. 200ರ ಫ್ರೇಮಿನಲ್ಲಿ ಮರದ ಕೆಳಗಿನ ನೆರಳು ಖಾಲಿ, 100ರಲ್ಲಿ ತಕ್ಕಮಟ್ಟಿಗೆ ಇದೆ, 50ರಲ್ಲಿ ಬೇರೂ ಕಾಣುತ್ತಿದೆ. ಕೆಂಪು ಚಾನೆಲ್ ಉಪಾಯವೂ ಕೆಲಸ ಮಾಡಿತು. ಒಂದು ಹೊಸ ತಕರಾರು: ಫಿಲ್ಮಿನ ಅಂಚಿನ ಪ್ರತಿ ರಂಧ್ರದ ನೇರಕ್ಕೆ ಆಕಾಶದೊಳಗೆ ಒಂದು ಸೆಂಟಿಮೀಟರ್ ಉದ್ದದ ಗೆರೆ, ನೆಗೆಟಿವ್‌ನಲ್ಲಿ ಸುತ್ತಲಿಗಿಂತ ಕಪ್ಪಗೆ. ಬ್ರೋಮೈಡಿನಿಂದಲೇ?

ಬೆಳ್ಳಿಉಪ್ಪು:

ಅಲ್ಲ. ಬ್ರೋಮೈಡ್ ಇಳಿದು ಬರುವ ಗೆರೆ ನೆಗೆಟಿವ್‌ನಲ್ಲಿ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಟ್ಯಾಂಕನ್ನು ಅಲ್ಲಾಡಿಸದೆ ಇಟ್ಟಾಗ ಬರುವಂಥದ್ದು. ಕಪ್ಪು ಗೆರೆ ಎಂದರೆ ಜೋರಾಗಿ ಅಲ್ಲಾಡಿಸಿದ್ದೀರಿ, ರಂಧ್ರದ ಮೂಲಕ ಡೆವಲಪರ್ ರಭಸವಾಗಿ ನುಗ್ಗಿ ಆ ಜಾಗ ಮಾತ್ರ ಹೆಚ್ಚು ಬೆಂದಿದೆ. ಬಿಸಿ ನೀರು, ಕಡಿಮೆ ಸಮಯ ಇದ್ದಾಗ ಇದು ಎದ್ದು ಕಾಣುತ್ತದೆ. ಮೊದಲ ಅರ್ಧ ನಿಮಿಷ ನಿಧಾನವಾಗಿ ತಲೆಕೆಳಗು ಮಾಡುತ್ತಿರಿ. ಆಮೇಲೆ ನಿಮಿಷಕ್ಕೆ ನಾಲ್ಕು ಸಲ, ಒಂದೊಂದಕ್ಕೂ ಎರಡು ಮೂರು ಸೆಕೆಂಡ್ ಹಿಡಿಯಲಿ, ಪ್ರತಿ ಸಲ ಟ್ಯಾಂಕನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿ. ಮಜ್ಜಿಗೆ ಕಡೆಯುವ ಹಾಗೆ ಬೇಡ.

ಉಳಿದ 30 ಫ್ರೇಮು ಇನ್ನೂ ತೆಗೆಯಬೇಕಿದ್ದರೆ ಮೀಟರ್ 50ಕ್ಕೇ ಇಡಿ. ಹೈಪೋ ಬಾಟಲಿಯ ಮೇಲೆ ಆ ನಾಲ್ಕೂವರೆ ನಿಮಿಷ ಬರೆದಿಡಿ. ಪ್ರತಿ ರೋಲಿನ ನಾಲಿಗೆ ಅದ್ದಿ ನೋಡುತ್ತಿರಿ, ತಿಳಿಯಾಗಲು 9 ನಿಮಿಷ ಹಿಡಿದ ದಿನ ಆ ಹೈಪೋ ಮುಗಿಯಿತು.